ಹಿಂದೆ ಬಂದವಳ ನಕ್ಷೆ

ತುಮಕೂರಿನಿಂದ ಗುಬ್ಬಿಗೆ ಹೋಗುವ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಅಕ್ಕ, ತಮ್ಮ ಕೂತಿದ್ದರು. ತಮ್ಮನ ತೊಡೆಯ ಮೇಲೆ ಯಂತ್ರದ ನಕ್ಷೆಯೊಂದು ಬಿಚ್ಚಿಕೊಂಡಿತ್ತು.

“ನಿಮ್ಮ ಆಫೀಸಿನ ಇಂಪನಾ ಡಿಸೈನಿಗೆ ಇನ್ನೂ ಸೈನ್ ಹಾಕಿಲ್ವೇನೋ ಸಿದ್ಧಾರ್ಥ?”

“ಚೆಕ್ ಮಾಡ್ತಿದೀನಿ ಕಣಕ್ಕ.”

“ಮೂರು ದಿನದಿಂದ! ತಪ್ಪು ಸಿಕ್ತಾ?”

“ಇಲ್ಲ.”

“ಮತ್ತೆ?”

“ಇದು ಎಲೆಕ್ಟ್ರಾನ್‌ಗಳನ್ನ ಜೋರಾಗಿ ಓಡಿಸೋ ಮಷೀನು, ಅವು ಓಡೋಕೆ ತಾಮ್ರದ ಬಿಲ್ಲೆಗಳ ಮಧ್ಯೆ ತೂತಿರುತ್ತೆ. ನಾನು ಸಣ್ಣದಿಟ್ಟಿದ್ದೆ, ಅವಳು ದೊಡ್ಡದು ಮಾಡಿದ್ಲು. ಎಲ್ರೂ ಅವಳಿಗೇ ಶಹಬ್ಬಾಸ್ ಅಂತಾರೆ.”

“ದೊಡ್ಡದ್ಯಾಕಂತೆ?”

“ಒಟ್ಟಿಗೆ ತುಂಬಾ ಎಲೆಕ್ಟ್ರಾನ್ ಬಿಟ್ರೆ, ಸಣ್ಣ ತೂತಲ್ಲಿ ಮುಂದೆ ಹೋದ ಗುಂಪು ಹಿಂದೆ ಬರೋದನ್ನ ಒದ್ದು ದಾರಿ ತಪ್ಪಿಸುತ್ತೆ. ಎಂಟು ವರ್ಷ ಸರ್ವಿಸ್ ನಂದು, ನನಗೆ ಹೊಳೀಲಿಲ್ಲ.”

“ಅವಳು ಸೇರಿದ್ದು?”

“ಹೋದ ವರ್ಷ.”

“ಹಂಗಾದ್ರೆ ಹಿಂದೆ ಬಂದೋಳನ್ನ ನೀನೂ ಒದೀತಿದೀಯ, ಬುಡು.”

ಅವನು ಪೆನ್ನಿಗಾಗಿ ಜೇಬು ತಡಕಿದ, ಸಿಗಲಿಲ್ಲ. ನನ್ನನ್ನು ಬಿಟ್ಟುಹೋದ ಗಂಡನ ಪೆನ್ನು ಇನ್ನೂ ನನ್ನ ಬ್ಯಾಗಿನಲ್ಲಿತ್ತು. ಕೊಟ್ಟೆ.

“ಬಸ್ ಅಲ್ಲಾಡ್ತಿದೆ ಅಕ್ಕ, ಸೈನ್ ಸೊಟ್ಟಗಾಗುತ್ತೆ.”

“ಸೊಟ್ಟಗೇ ಆಗ್ಲಿ, ಹಾಕೋ.”

ಹಾಕಿದ. ಗುಬ್ಬಿ ಬಂತು, ಇಬ್ಬರೂ ಇಳಿದರು. ಪೆನ್ನು ಅವನ ಜೇಬಿನಲ್ಲೇ ಹೋಯಿತು. ನಾನು ಕೂಗಿ ಕರೆಯಲಿಲ್ಲ.