ಸರ್ವಮಂಗಳಮ್ಮನಿಗೆ ಕೇಳಿಸಿದ ಸಣ್ಣ ಸದ್ದು

ಇಷ್ಟು ಹೊತ್ತು ಅಹಂಕಾರದ ಬಗ್ಗೆ ಮಾತಾಡಿದೆ. ನಿಮ್ಮಲ್ಲಿ ಅರ್ಧ ಜನ ತಲೆ ಆಡಿಸಿದಿರಿ, ಇನ್ನರ್ಧ ಜನ ಪಕ್ಕದವರ ಮುಖ ನೋಡಿದಿರಿ. ಈ ಮಾತು ನನಗಲ್ಲ, ಇವನಿಗೆ ಅಂತ. ಹೌದೋ ಅಲ್ಲವೋ? ಅದಕ್ಕೇ ಈಗ ಅಹಂಕಾರವೇ ಇಲ್ಲದ ಒಬ್ಬ ಮನುಷ್ಯನ ಕಥೆ ಹೇಳ್ತೀನಿ. ಆಗ ಯಾರಿಗೂ ತಪ್ಪಿಸಿಕೊಳ್ಳೋಕೆ ಆಗಲ್ಲ.

ಒಂದೂರಲ್ಲಿ ಒಬ್ಬ ಇದ್ದ. ಶ್ರೀಮಂತ ಅಂತ ನಿಮ್ಮ ಬಾಯಿಗೆ ಬಂತು ನೋಡಿ. ಶ್ರೀಮಂತ ಅಲ್ಲ. ಮರದ ಬೊಡ್ಡೆ ತೆಗೆಯೋನು. ಹೆಸರು ನಿಂಗರಾಜು. ಅವನ ಹೆಸರು ಯಾಕೆ ಹೇಳ್ತೀನಿ ಅಂದ್ರೆ, ಅವನೇ ನಮ್ಮ ಮಠಕ್ಕೆ ಬಂದಾಗ ಹೇಳಿದ್ದು, 'ಬುದ್ಧಿ, ಇನ್ನೊಬ್ಬನಿಗೆ ಉಪಯೋಗ ಆಗೋದಾದ್ರೆ ನನ್ನ ಹೆಸರು ಹಿಡಿದೇ ಹೇಳಿ' ಅಂತ.

ಮರ ಕಡಿಯೋರು ಬೇರೆ ಇರ್ತಾರೆ. ಕಡಿದು ಸೌದೆ ತುಂಬಿಕೊಂಡು ಹೋಗಿಬಿಡ್ತಾರೆ. ಬೊಡ್ಡೆ ಅಲ್ಲೇ ಉಳಿಯುತ್ತೆ. ಮನೆ ಕಟ್ಟೋಕೆ ಅಡ್ಡ, ಗದ್ದೆ ಉಳೋಕೆ ಅಡ್ಡ, ಗೇಟು ತೆಗೆಯೋಕೆ ಅಡ್ಡ. ಅಗೆದು ಕೀಳೋಕೆ ನಾಲ್ಕು ಆಳಿಗೆ ಮೂರು ದಿನ. ನಿಂಗರಾಜು ಹತ್ತಿರ ಒಂದು ಯಂತ್ರ ಇತ್ತು. ಬಂಡಿಯ ಗಾಲಿಯಷ್ಟು ದಪ್ಪದ ಉಕ್ಕಿನ ಚಕ್ರ, ಅದರ ಸುತ್ತ ಇಪ್ಪತ್ತನಾಲ್ಕು ಹಲ್ಲು. ಚಕ್ರ ತಿರುಗಿಸಿ ಬೊಡ್ಡೆ ಮೇಲೆ ಇಳಿಸಿದರೆ, ಹಲ್ಲು ಕೆರೆದು ಕೆರೆದು ಬೊಡ್ಡೆಯನ್ನ ಹೊಟ್ಟು ಮಾಡಿಬಿಡುತ್ತೆ. ಒಂದು ಗಂಟೆಯಲ್ಲಿ ಮರ ಇದ್ದ ಜಾಗದಲ್ಲಿ ಬರೀ ಹೊಟ್ಟು, ಕಾಲಿಟ್ಟರೆ ಮೆತ್ತಗೆ ಹೂತುಹೋಗುತ್ತೆ.

ಹನ್ನೊಂದು ವರ್ಷ ಆ ಕೆಲಸ ಮಾಡಿದ. ಯಂತ್ರ ಓಡಿಸೋನು ಅವನು. ಜೊತೆಗೆ ಅವನ ಹೆಂಡತಿ ಸರ್ವಮಂಗಳಮ್ಮ. ಆಕೆಯ ಕೆಲಸ ಏನು? ಫೋನ್ ಬಂದರೆ ಮಾತಾಡೋದು, ಕೆಲಸ ನಡೆಯುವಾಗ ಹತ್ತು ಮಾರು ದೂರ ನಿಂತು ಜನ ಹತ್ತಿರ ಬರದ ಹಾಗೆ ನೋಡಿಕೊಳ್ಳೋದು, ಕೊನೆಗೆ ಹೊಟ್ಟು ಗುಡಿಸಿ ಜಾಗ ಹಸನು ಮಾಡಿಕೊಡೋದು. ಚೆನ್ನರಾಯಪಟ್ಟಣದಿಂದ ಆ ಕಡೆ ಈ ಕಡೆ ಇಪ್ಪತ್ತು ಮೈಲಿ, ಬೊಡ್ಡೆ ಅಂದ್ರೆ ಗಂಡಹೆಂಡಿರು ಇಬ್ಬರೂ ಬರ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು.

ನಿಂಗರಾಜು ಸೋಮಾರಿ ಅಲ್ಲ, ಇದನ್ನ ಮನಸ್ಸಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆ ಎದ್ದು ಯಂತ್ರ ಒರೆಸೋನು. ಬೇರಿಂಗಿಗೆ ಗ್ರೀಸು ಹೊಡೆಯೋನು. ಹಲ್ಲು ಮೊಂಡಾದರೆ ತಿರುಗಿಸಿ ಹಾಕೋನು. ಬೇರಿಂಗು ಅಂದ್ರೆ ನಿಮಗೆ ಗೊತ್ತು, ಚಕ್ರದ ನಡುವಿನ ಕಂಬಿ ಸಲೀಸಾಗಿ ತಿರುಗಲಿ ಅಂತ ಎರಡು ಕಡೆ ಹಾಕಿರೋ ಗುಂಡುಗಳ ಬಳೆ. ಅದು ಸವೆದಿದೆಯೋ ಇಲ್ಲವೋ ಅಂತ ಕಣ್ಣಿಗೆ ಕಾಣಲ್ಲ. ಹೇಗೆ ಗೊತ್ತಾಗುತ್ತೆ? ಸದ್ದಿನಿಂದ. ಸವೆದ ಬೇರಿಂಗು ಸಣ್ಣಗೆ ಅಳುತ್ತೆ. ಸೊಳ್ಳೆ ಕಿವಿ ಹತ್ತಿರ ಬಂದ ಹಾಗೆ, ತೆಳ್ಳಗೆ.

ಒಂದು ದಿನ ಸರ್ವಮಂಗಳಮ್ಮ ಹೇಳಿದಳು, 'ಇವತ್ತು ಮಿಷನ್ನು ಬೇರೆ ಥರ ಕೂಗ್ತಾ ಇತ್ತು.'

'ಬೇರೆ ಥರ ಅಂದ್ರೆ?'

'ಅದೇ, ಕುಯ್ ಅಂತ. ಸಣ್ಣಗೆ.'

ನಿಂಗರಾಜು ಮತ್ತೆ ಯಂತ್ರ ಚಾಲೂ ಮಾಡಿದ. ಕಿವಿ ಕೊಟ್ಟ. ನೋಡಿ, ತಿರಸ್ಕಾರ ಮಾಡಲಿಲ್ಲ, ಪರೀಕ್ಷೆ ಮಾಡಿದ. 'ಏನೂ ಇಲ್ಲವಲ್ಲ ಕಣೇ' ಅಂದ. ಗ್ರೀಸು ಹೊಡೆದ. ಸುಮ್ಮನಾದ.

ನಾಲ್ಕು ದಿನ ಬಿಟ್ಟು ಮತ್ತೆ ಹೇಳಿದಳು. ಮತ್ತೆ ಕೇಳಿಸಿಕೊಂಡ. ಏನೂ ಇಲ್ಲ. ಮೂರನೇ ಸಲ ಹೇಳಿದಾಗ ನಗುತ್ತಾ ಅಂದ, 'ಹನ್ನೊಂದು ವರ್ಷ ಇದರ ಹಿಡಿ ಹಿಡಿದೋನು ನಾನು. ನನಗೆ ಕೇಳಿಸದ್ದು ನಿನಗೆ ಕೇಳಿಸ್ತದಾ?' ಸಿಟ್ಟಿಲ್ಲ, ಬೈಗುಳ ಇಲ್ಲ. ಆಕೆಯೂ ನಕ್ಕಳು. ಆದರೆ ಆಮೇಲೆ ಆಕೆ ಹೇಳೋದು ಬಿಟ್ಟಳು. ಇದನ್ನ ಗಮನಿಸಿ. ಮನೆಯಲ್ಲಿ ಒಬ್ಬರು ಹೇಳೋದು ಬಿಟ್ಟರೆ, ನಾವು ಏನು ತಿಳ್ಕೊಳ್ತೀವಿ? ಸರಿಹೋಯ್ತು ಅಂತ ತಿಳ್ಕೊಳ್ತೀವಿ.

ಹೀಗಿರುವಾಗ ಅಶ್ವತ್ಥನಾರಾಯಣ ಅಂತ ಒಬ್ಬ ರಿಟೈರ್ಡ್ ಮೇಷ್ಟ್ರ ಫೋನು ಬಂತು. ಗಾಳಿಮಳೆಗೆ ಅವರ ಮನೆ ಗೇಟಿನ ಪಕ್ಕದಲ್ಲಿದ್ದ ಗುಲ್‌ಮೊಹರ್ ಮರ ಬೇರು ಸಮೇತ ವಾಲಿ ಬಿದ್ದಿತ್ತು. ಮರ ಕಡಿದು ತೆಗೆದಿದ್ದರು, ವಾಲಿದ ಬೊಡ್ಡೆ ಗೇಟಿಗೆ ಸರಿಯಾಗಿ ಅಡ್ಡ ಉಳಿದಿತ್ತು. ಮೇಷ್ಟ್ರ ಹೆಂಡತಿಗೆ ಪಾರ್ಶ್ವವಾಯು. ಎರಡು ದಿನಕ್ಕೊಮ್ಮೆ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕೈಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋಗಬೇಕು. ಬೊಡ್ಡೆ ದಾಟಿಸೋಕೆ ಆಗಲ್ಲ. ಎಪ್ಪತ್ತೆರಡು ವರ್ಷದ ಮೇಷ್ಟ್ರು ಹೆಂಡತಿಯನ್ನ ತೋಳಲ್ಲಿ ಎತ್ತಿಕೊಂಡು ಬೊಡ್ಡೆ ಸುತ್ತಿ ಆಟೋದವರೆಗೂ ಹೋಗ್ತಾ ಇದ್ದರು. ಒಂದು ಸಲ ಇಬ್ಬರೂ ಬಿದ್ದಿದ್ದರು.

ನಿಂಗರಾಜು ಆ ದಿನ ಯಂತ್ರ ಬಿಚ್ಚಬೇಕು ಅಂದುಕೊಂಡಿದ್ದ. ಹಿಂದಗಡೆ ನೇತುಹಾಕೋ ರಬ್ಬರ್ ಪರದೆ ಹರಿದಿತ್ತು. ಕಲ್ಲು ಚೂರು ಹಾರದ ಹಾಗೆ ತಡೆಯೋದು ಅದೇ ಪರದೆ. ಹಲ್ಲಿನ ಬೋಲ್ಟುಗಳನ್ನೂ ಒಂದು ಸಲ ಬಿಗಿ ಮಾಡಬೇಕಿತ್ತು. ಮೇಷ್ಟ್ರ ಮಾತು ಕೇಳಿ ಮನಸ್ಸು ಕರಗಿತು. 'ಪಾಪ, ಮುದುಕರು. ಇದೊಂದು ಮುಗಿಸಿ ನಾಳೆ ಬಿಚ್ಚೋಣ' ಅಂದ. ಸರ್ವಮಂಗಳಮ್ಮ ಯಂತ್ರದ ಕಡೆ ನೋಡಿದಳು, ಗಂಡನ ಕಡೆ ನೋಡಿದಳು, ಗಾಡಿ ಹತ್ತಿ ಕೂತಳು.

ಈಗ ಹೇಳಿ, ನಿಂಗರಾಜು ಕೆಟ್ಟೋನಾ? ದುರಾಸೆಯಾ? ಪರೋಪಕಾರಕ್ಕೇ ಅಲ್ಲವಾ ಹೊರಟಿದ್ದು?

ಮೇಷ್ಟ್ರ ಮನೆ ಮುಂದೆ ಯಂತ್ರ ಇಳಿಸಿದ. ಸರ್ವಮಂಗಳಮ್ಮ ಬೀದಿ ಕಡೆ ನಿಂತಳು. ಮೇಷ್ಟ್ರ ಹೆಂಡತಿ ಜಗಲಿ ಮೇಲೆ ಗಾಲಿಕುರ್ಚಿಯಲ್ಲಿ ಕೂತು ನೋಡ್ತಾ ಇದ್ದರು. ಅರ್ಧ ಬೊಡ್ಡೆ ಹೊಟ್ಟಾಯಿತು. ಅಷ್ಟರಲ್ಲಿ ಬೇರಿಂಗು ಒಡೆಯಿತು. ಚಕ್ರ ಒಂದು ಕಡೆಗೆ ವಾಲಿ ಅದುರಿತು. ಆ ಅದುರಾಟಕ್ಕೆ ಸಡಿಲವಾಗಿದ್ದ ಒಂದು ಹಲ್ಲು ಕಿತ್ತುಕೊಂಡು, ಹರಿದ ಪರದೆಯಿಂದ ಆಚೆ ಹಾರಿ, ಸರ್ವಮಂಗಳಮ್ಮನ ಎಡಗೈಗೆ ಬಡಿಯಿತು. ಮೊಣಕೈ ಕೆಳಗೆ ಮೂಳೆ ಎರಡು ತುಂಡು.

ನಿಂಗರಾಜುಗೆ ಅದು ಗೊತ್ತೇ ಆಗಲಿಲ್ಲ. ಇಂಜಿನ್ ಗದ್ದಲದಲ್ಲಿ ಆಕೆಯ ಕೂಗು ಕೇಳಿಸಲಿಲ್ಲ. ಇಂಜಿನ್ ನಿಲ್ಲಿಸಿ, ಚಕ್ರ ನೋಡಿ, 'ಅಯ್ಯೋ ಬೇರಿಂಗು' ಅಂದ. ಜಗಲಿ ಮೇಲಿದ್ದ ಆ ತಾಯಿ, ಮಾತು ಸರಿಯಾಗಿ ಬರದ ತಾಯಿ, ಒಂದು ಕೈ ಎತ್ತಿ ಬೀದಿ ಕಡೆ ತೋರಿಸಿದರು. ಆಗ ತಿರುಗಿ ನೋಡಿದ. ಹೆಂಡತಿ ರಸ್ತೆ ಮೇಲೆ ಕೂತಿದ್ದಳು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿದರು. ಹಾಕುವಾಗ ಡಾಕ್ಟರಮ್ಮ ಹಿಂದಿನಿಂದ ನಿಂಗರಾಜುಗೆ ಏನೋ ಕೇಳಿದರು, ಅವನು ಉತ್ತರ ಕೊಡಲಿಲ್ಲ. ಮತ್ತೆ ಕೇಳಿದರು. ಮೂರನೇ ಸಲ ಅನುಮಾನ ಬಂದು ಕಿವಿ ಪರೀಕ್ಷೆಗೆ ಕಳಿಸಿದರು. ಪರೀಕ್ಷೆಯಲ್ಲಿ ಗೊತ್ತಾಯಿತು: ದಪ್ಪ ಸದ್ದು ಕೇಳಿಸುತ್ತೆ, ಬಸ್ಸಿನ ಹಾರನ್ನು, ಗಂಡಸರ ಮಾತು, ಎದುರಿಗೇ ನಿಂತು ಆಡಿದ ಮಾತು. ತೆಳ್ಳಗಿನ ಸದ್ದು ಕೇಳಿಸಲ್ಲ. ಹನ್ನೊಂದು ವರ್ಷ ಕಿವಿಗೆ ಏನೂ ಹಾಕಿಕೊಳ್ಳದೆ ಯಂತ್ರದ ಪಕ್ಕ ನಿಂತಿದ್ದಕ್ಕೆ ಆ ಭಾಗ ಹೋಗಿಬಿಟ್ಟಿತ್ತು. ಯಂತ್ರವೇ ಅವನ ಕಿವಿ ತಿಂದಿತ್ತು, ಆ ತಿಂದ ಕಿವಿಯಿಂದಲೇ ಅವನು ಯಂತ್ರ ಪರೀಕ್ಷೆ ಮಾಡ್ತಾ ಇದ್ದ.

ಹೆಂಡತಿ ಮಂಚದ ಪಕ್ಕ ಬಂದು ಕೂತ. ಆಮೇಲೆ ಅಂದ, 'ನನಗೆ ನಿಜವಾಗ್ಲೂ ಕೇಳಿಸಲಿಲ್ಲ ಕಣೇ.'

ಸರ್ವಮಂಗಳಮ್ಮ ಅಂದಳು, 'ಮಿಷನ್ನು ಕೇಳಿಸಲಿಲ್ಲ, ಸರಿ. ನಾನು ಹೇಳಿದ್ದು ಕೇಳಿಸಿತ್ತಲ್ಲ.'

ಅಷ್ಟೇ ಅಂದಿದ್ದು. ನಿಂಗರಾಜು ನನಗೆ ಇದನ್ನ ಹೇಳುವಾಗ ಅರ್ಧದಲ್ಲಿ ನಿಲ್ಲಿಸಿ ನೀರು ಕುಡಿದ.

ಆಮೇಲೆ ಏನಾಯ್ತು? ಮಾರನೇ ದಿನ ಅವನು ಕೊಡಲಿ, ಹಾರೆ ತಗೊಂಡು ಒಬ್ಬನೇ ಮೇಷ್ಟ್ರ ಮನೆಗೆ ಹೋದ. 'ಯಾಕಪ್ಪ, ಹೆಂಡತಿ ಆಸ್ಪತ್ರೆಯಲ್ಲಿರುವಾಗ' ಅಂದರು ಮೇಷ್ಟ್ರು. 'ಅವಳೇ ಕಳಿಸಿದ್ದು ಸಾರ್' ಅಂದ. ಸಂಜೆವರೆಗೂ ಕಡಿದು ಗಾಲಿಕುರ್ಚಿ ಹೋಗುವಷ್ಟು ದಾರಿ ಮಾಡಿಕೊಟ್ಟ. ಯಂತ್ರ ಇಪ್ಪತ್ತು ದಿನ ನಿಂತಿತು. ಫೋನು ಮಾಡಿದವರಿಗೆಲ್ಲ 'ಈಗ ಆಗಲ್ಲ' ಅಂದ. ಜೀವಮಾನದಲ್ಲಿ ಆ ಮಾತು ಅವನ ಬಾಯಲ್ಲಿ ಬಂದಿರಲಿಲ್ಲವಂತೆ. ಬೇರಿಂಗು ಹೊಸದು, ಪರದೆ ಹೊಸದು, ಇಪ್ಪತ್ತನಾಲ್ಕು ಬೋಲ್ಟೂ ಹೊಸದು. ಇಬ್ಬರ ಕಿವಿಗೂ ಮುಚ್ಚಳ. ಆದರೆ ಬೆಳಿಗ್ಗೆ ಸರ್ವಮಂಗಳಮ್ಮ ಮುಚ್ಚಳ ಹಾಕಿಕೊಳ್ಳೋ ಮುಂಚೆ, ಯಂತ್ರ ಖಾಲಿ ಓಡಿಸಿ ಆಕೆಯನ್ನ ಪಕ್ಕದಲ್ಲಿ ನಿಲ್ಲಿಸ್ತಾನೆ. ಆಕೆ 'ಹೂಂ' ಅಂದ್ರೆ ಹೊರಡೋದು. 'ಊಹೂಂ' ಅಂದ್ರೆ ಬಿಚ್ಚೋದು. ಎಷ್ಟು ಜನ ಕಾಯ್ತಾ ಇದ್ದರೂ ಬಿಚ್ಚೋದು. ಆಕೆಯ ಕೈ ಕೂಡಿದೆ, ಆದರೆ ತುಂಬಿದ ಬಿಂದಿಗೆ ಎತ್ತೋಕೆ ಇನ್ನೂ ಆಗಲ್ಲ. ಬಿಂದಿಗೆ ಈಗ ನಿಂಗರಾಜು ಎತ್ತುತ್ತಾನೆ.

ಈಗ ನಿಮ್ಮ ಕಡೆ ಬರ್ತೀನಿ. ನಿಂಗರಾಜುಗೆ ಅಹಂಕಾರ ಇರಲಿಲ್ಲ ಅಂತ ನಾನೇ ಹೇಳಿದೆ. ಇದ್ದದ್ದು ಏನು? ಒಂದು ಸಣ್ಣ ನಂಬಿಕೆ. 'ನನಗೆ ಗೊತ್ತಾಗಲಿಲ್ಲ ಅಂದ್ರೆ ಅದು ಇಲ್ಲವೇ ಇಲ್ಲ' ಅನ್ನೋ ನಂಬಿಕೆ. ಇದು ನಿಮಗಿಲ್ಲವಾ? ನನಗಿದೆ. ನಮ್ಮ ಮಠದ ಅಡುಗೆ ಮಾಡೋ ತಾಯಿ ಹೋದ ತಿಂಗಳು ನನಗೆ ಅಂದಳು, 'ಬುದ್ಧಿ, ಈಚೆಗೆ ಬಂದೋರು ಮಾತು ಮುಗಿಸೋ ಮುಂಚೆ ನೀವು ಉತ್ತರ ಕೊಟ್ಟುಬಿಡ್ತೀರಿ.' ನಾನು ಏನು ಮಾಡಿದೆ ಗೊತ್ತಾ? ಆಕೆ ಮಾತು ಮುಗಿಸೋ ಮುಂಚೆ 'ಇಲ್ಲವಲ್ಲ' ಅಂದೆ.

ನಾವು ಸವೆಯೋ ಸದ್ದು ನಮಗೆ ಕೇಳಿಸಲ್ಲ. ಅದರ ಜೊತೆಗೇ ಇದ್ದು ಇದ್ದು ಕಿವಿ ಹೋಗಿರುತ್ತೆ. 'ನೀನು ಮೊದಲಿನ ಹಾಗೆ ಊಟ ಮಾಡ್ತಿಲ್ಲ' ಅಂತಾಳೆ ತಾಯಿ. 'ಅಪ್ಪ, ನೀನು ಎಲ್ಲಕ್ಕೂ ರೇಗ್ತೀಯ' ಅಂತಾಳೆ ಮಗಳು. 'ಅಣ್ಣ, ಸ್ಕೂಟರ್ ಬ್ರೇಕು ಸರಿಯಿಲ್ಲ' ಅಂತಾನೆ ಹಿಂದೆ ಕೂತೋನು. ನಾವೇನಂತೀವಿ? ಕೆಲಸ ಇದೆ. ಜನ ಕಾಯ್ತಾ ಇದಾರೆ. ಒಳ್ಳೇ ಕೆಲಸಕ್ಕೇ ಹೊರಟಿದೀನಿ. ಒಳ್ಳೇ ಕೆಲಸಕ್ಕೆ ಹೊರಟ ಚಕ್ರದಿಂದ ಹಲ್ಲು ಹಾರಲ್ಲ ಅಂತ ಯಾರು ಹೇಳಿದರು? ಅದು ಹಾರಿದರೆ ದೂರದವರಿಗೆ ಬಡಿಯಲ್ಲ. ನಮ್ಮನ್ನ ಕಾಯೋಕೆ ಅಂತ ಪಕ್ಕದಲ್ಲಿ ನಿಂತೋರಿಗೇ ಬಡಿಯುತ್ತೆ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ಉಪವಾಸ ಹೇಳಲ್ಲ, ಜಪ ಹೇಳಲ್ಲ. ನಿಮ್ಮ ಜೊತೆ ಬದುಕೋರು ನಿಮ್ಮಲ್ಲಿ ಏನೋ ಸರಿಯಿಲ್ಲ ಅಂದಾಗ, 'ಇಲ್ಲವಲ್ಲ' ಅನ್ನಬೇಡಿ. ಕೈಯಲ್ಲಿರೋ ಕೆಲಸ ಕೆಳಗಿಡಿ. 'ಎಲ್ಲಿ? ಯಾವಾಗಿಂದ?' ಅಂತ ಕೇಳಿ. ಆಮೇಲೆ ಆ ದಿನವೇ ಅದನ್ನ ನೋಡಿ, ನಾಳೆ ಅನ್ನಬೇಡಿ.

ಇನ್ನೊಂದಿದೆ, ಇದು ಕಷ್ಟದ್ದು. ನಿಮ್ಮ ಮನೆಯಲ್ಲಿ ಹೇಳಿ ಹೇಳಿ ಹೇಳೋದು ಬಿಟ್ಟೋರು ಒಬ್ಬರು ಇದ್ದೇ ಇರ್ತಾರೆ. ಯಾರು ಅಂತ ಈಗಲೇ ನಿಮ್ಮ ಮನಸ್ಸಿಗೆ ಬಂತು, ನನಗೆ ಮುಖದಲ್ಲೇ ಕಾಣ್ತಾ ಇದೆ. ಇಲ್ಲಿಂದ ಹೋಗಿ ಅವರ ಹತ್ತಿರ ಕೂತ್ಕೊಳ್ಳಿ. 'ನೀನು ಏನೋ ಹೇಳ್ತಿದ್ದೆ, ನಾನು ಕೇಳಲಿಲ್ಲ. ಈಗ ಹೇಳು' ಅನ್ನಿ. ಅವರು ಹೇಳಿ ಮುಗಿಸೋವರೆಗೂ ಬಾಯಿ ತೆಗೀಬೇಡಿ.