ಕೊಪ್ಪರಿಗೆಯ ಹಗ್ಗ

...ಬಂದೆ, ಬಂದೆ. ಹಾಗೆ ಮೂಗು ಮುಚ್ಕೋಬೇಡಿ ಭಾರ್ಗವಿ ಚೇಚಿ, ಇದು ನನ್ನ ವಾಸನೆ ಅಲ್ಲ, ನಿಮ್ಮ ಕುಟ್ಟನಾಡಿನ ನೆರೆ ಬಿಟ್ಟುಹೋದ ಕೆಸರಿನ ವಾಸನೆ. ಬೆಳಗ್ಗೆ ದೋಣಿ ಹತ್ತುವಾಗ ನಾನು ಏಲಿಕುಟ್ಟಿ, ಸಂಜೆ ಇಳಿಯುವಾಗ ಹೂಳಿಂದ ಎತ್ತಿದ ಎಮ್ಮೆ. ನಗಿ, ನಗಿ. ಗೇಟಿನ ಹತ್ರ ನಮ್ಮ ಔಸೇಪ್ 'ಯಾರು ಬೇಕಾಗಿತ್ತು?' ಅಂತ ಕೇಳಿದ್ರು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡ!

ಒಂದು ತಂಬಿಗೆ ನೀರು ಹಾಕಿ ಕಾಲ ಮೇಲೆ... ಹಾಂ, ಸಾಕು. ನೀವು ಬಗ್ಗಬೇಡಿ, ಮಂಡಿ ಊತ ಇನ್ನೂ ಇಳಿದಿಲ್ಲ.

ಹೇಳ್ತೀನಿ, ಎಲ್ಲಾ ಹೇಳ್ತೀನಿ. ಮೊದಲು ನಬೀಸಾ ಕತೆ ಕೇಳಿ. ನಿಮ್ಮೂರ ಮನೆ ತೊಳೆಯೋಕೆ ನಮ್ಮ ಬೀದಿಯಿಂದ ಹನ್ನೊಂದು ಹೆಂಗಸರು ಹೋದ್ವಲ್ಲ, ದೋಣೀಲಿ ಎಲ್ಲರಿಗಿಂತ ದೊಡ್ಡ ಬಾಯಿ ಅವಳದ್ದೇ. ಹಾವು ಬಂದ್ರೆ ಬಾಲ ಹಿಡಿದು ಎಸೀತೀನಿ ಅಂತ. ನಿಮ್ಮ ಪಕ್ಕದ ಕಮಲಾಕ್ಷಿ ಮನೆಗೇ ಮೊದಲು ನುಗ್ಗಿದ್ವಿ. ಸಾಲಾಗಿ ನಿಂತು ಕೆಸರಿನ ಬುಟ್ಟಿ ಕೈಯಿಂದ ಕೈಗೆ ದಾಟಿಸ್ತಾ ಇದ್ವಿ. ನಬೀಸಾ ಹೋಗಿ ಫ್ರಿಜ್ ಬಾಗಿಲು ತೆಗೆದ್ಲು. ಒಳಗೆ ಮೀನು, ಜೀವಂತ! ಪಟಪಟ ಅಂತ ಒದ್ದಾಡಿ ಅವಳ ಕಾಲ ಮೇಲೇ ಬಿತ್ತು. ಹೆಂಗಸು ಅಲ್ಮೇರಾ ಮೇಲಿದ್ಲು! ಮೀನು ಹಿಡಿಯೋಕೆ ಒಬ್ಬಳು ಸಾಕಾಯ್ತು, ನಬೀಸಾನ ಇಳಿಸೋಕೆ ನಾಲ್ಕು ಜನ ಬೇಕಾಯ್ತು.

ಕಮಲಾಕ್ಷಿ ಮನೆ ಈಗ ಕನ್ನಡಿ. ಅವಳ ರೇಷನ್ ಕಾರ್ಡು, ಮಗಳ ಸರ್ಟಿಫಿಕೇಟು ಎಲ್ಲಾ ಒದ್ದೆ ಹಪ್ಪಳ ಆಗಿತ್ತು. ಇಲ್ಲಿಗೇ ತಂದೆ, ಔಸೇಪ್ ಈಗ ಒಂದೊಂದೇ ಹಾಳೆಗೆ ಇಸ್ತ್ರಿ ಹಾಕ್ತಾ ಕೂತಿದಾರೆ. ತನ್ನ ಅಂಗಿಗೆ ಒಂದು ದಿನಾನೂ ಹಾಕಿದವರಲ್ಲ.

ನಿಮ್ಮನೇದಾ? ಅಲ್ಲಿಗೇ ಬರ್ತೀನಿ, ಅವಸರ ಯಾಕೆ... ಬೀಗದ ಕೈ ಇಲ್ಲೇ ಸೊಂಟದಲ್ಲಿದೆ. ಬೇಕೇ ಆಗ್ಲಿಲ್ಲ... ಅಂದ್ರೆ, ಸುಲಭವಾಗಿ ತೆಗೀತು ಅಂತ. ನೆಲಾನಾ? ನೆಲ ಥಳಥಳ ಅಂತಿದೆ. ನಾನೇ ಮಂಡಿಯೂರಿ ತಿಕ್ಕಿದೀನಿ, ದೇವಮಾತೆಯ ಮೇಲಾಣೆ. ಆ ಕೆಂಪು ಬಣ್ಣ, ಆಹಾ!

ಇರಿ, ಇದನ್ನ ನೋಡಿ. ಕಣ್ಣು ಮುಚ್ಚಿ. ಮುಚ್ಚಿ ಅಂದ್ರೆ ಮುಚ್ಚಬೇಕು... ಈಗ ತೆಗೀರಿ.

ಅಯ್ಯೋ, ಕೊಪ್ಪರಿಗೆ ಸಿಕ್ಕಿದ್ದಕ್ಕೆ ಅಳ್ತಾರಾ ಯಾರಾದ್ರೂ? 'ಅಮ್ಮ ಕೊಟ್ಟ ಕಂಚಿನ ಕೊಪ್ಪರಿಗೆ' ಅಂತ ಮೂರು ವಾರ ನನ್ನ ಕಿವಿ ತೂತು ಮಾಡಿದ್ರಲ್ಲ! ಹೂಳಲ್ಲಿ ಇದರ ಒಂದು ಹಿಡಿ ಮಾತ್ರ ಕಾಣ್ತಿತ್ತು. ನಿಮ್ಮೂರಲ್ಲಿ ನೀರು ಏರಿದಾಗ ಎಲ್ಲರೂ ದೊಡ್ಡ ಪಾತ್ರೆ ತೆಂಗಿನ ಮರಕ್ಕೆ ಕಟ್ಟಿ ದೋಣಿ ಹತ್ತುತ್ತಾರಂತೆ. ನೀವೊಬ್ರೇ ಅಡುಗೆಮನೆ ಕಂಬಕ್ಕೆ ಕಟ್ಟಿದ್ರಂತೆ. ಮರ ಬಿದ್ರೂ ನನ್ನ ಗಂಡ ಕಟ್ಟಿದ ಕಂಬ ಬೀಳಲ್ಲ ಅಂದ್ರಂತೆ. ಕಮಲಾಕ್ಷಿ ಹೇಳಿದ್ಲು. ಹಾಂ... ಹೇಳಿದ್ಲು ಅಷ್ಟೇ.

ಅದೇನು ಗಂಟು ಹಾಕ್ತೀರಿ ನೀವು? ಹನ್ನೊಂದು ಜನ ಉಗುರಲ್ಲಿ ಕೆರೆದ್ವಿ, ಹಲ್ಲಲ್ಲಿ ಎಳೆದ್ವಿ, ಜಪ್ಪಯ್ಯ ಅನ್ಲಿಲ್ಲ. ಕೊನೆಗೆ ಹಗ್ಗ ಸಮೇತ ಹೊತ್ಕೊಂಡು ಬಂದೆ.

ಆ ಬಟ್ಟೆ ಚೀಲ ಯಾಕೆ ತುಂಬಿಟ್ಟಿದೀರಿ? ಗುರುವಾರ ಹೊರಡೋದಾ? ಚೆನ್ನಾಗಿದೆ! ಶಾಲೆಯ ಶಿಬಿರ ಮುಚ್ಚಿದ ದಿನ ಮನೆಗೊಬ್ರು ಅಂತ ಹಂಚಿಕೊಂಡಾಗ, ನಾನು ಎಲ್ಲರನ್ನೂ ತಳ್ಳಿ ನಿಮ್ಮ ಕೈ ಹಿಡ್ಕೊಂಡಿದ್ದು ಯಾಕೆ? ನಿಮ್ಮ ಮೀನು ಸಾರಿಗೆ! ಈಗ ನೀವು ಹೋದ್ರೆ ಔಸೇಪ್ ನನ್ನ ಸಾರು ಮುಟ್ಟಲ್ಲ. ಓಣಂ ಇಲ್ಲೇ ಮಾಡಿ. ಗೋಡೆಯೂ ಒಣಗ್ಬೇಕಲ್ಲ, ಒದ್ದೆ ಗೋಡೆ ಮೈಗೆ ಒಳ್ಳೇದಲ್ಲ...



ಹಗ್ಗ ಯಾಕೆ ಹಾಗೆ ತಿರುಗಿಸಿ ತಿರುಗಿಸಿ ನೋಡ್ತೀರಿ? ಆ ಕಡೆ ತುದಿ ಬಿಡಿ, ಅದರಲ್ಲೇನಿದೆ... ಇಲ್ಲ, ಕತ್ತರಿಸಿಲ್ಲ. ಬಿಚ್ಚೂ ಇಲ್ಲ. ಎರಡು ಕಡೆ ಗಂಟೂ, ಕಂಬ ಸುತ್ತಿದ ಕುಣಿಕೆಯೂ ನೀವು ಹಾಕಿದ ಹಾಗೇ ಇದೆ.

ಹಾಗಾದ್ರೆ ಕಂಬದಿಂದ ಹೇಗೆ ಬಂತು ಅಂತ ಕೇಳಿ ಚೇಚಿ. ಬೈಯಿರಿ. ಹೀಗೆ ಹಗ್ಗ ಸವರುತ್ತಾ ಕೂರಬೇಡಿ, ನನ್ನ ಕೈಲಿ ಆಗಲ್ಲ.

ಕಂಬ ಇರ್ಲಿಲ್ಲ. ಗೋಡೆನೂ ಇರ್ಲಿಲ್ಲ... ನೆಲ ಇತ್ತು. ನೆಲದ ಮಾತು ಸುಳ್ಳಲ್ಲ. ಏನು ಮಾಡ್ಬೇಕು ಅಂತ ಗೊತ್ತಾಗದೆ ಹನ್ನೊಂದು ಜನವೂ ಕೂತು ನೆಲ ತಿಕ್ಕಿದ್ವಿ. ನಬೀಸಾ ಮೂಲೆ ಮೂಲೆಗೂ ಉಗುರು ಹಾಕಿ ಕೆರೆದ್ಲು. ಮಧ್ಯಾಹ್ನದ ಬುತ್ತಿನೂ ನಿಮ್ಮ ಅಡುಗೆಮನೆಯಲ್ಲೇ ಕೂತು ಉಂಡ್ವಿ. ಚಪ್ಪಲಿ ಬಾಗಿಲಿದ್ದ ಜಾಗದಲ್ಲಿ ಬಿಟ್ಟು ಒಳಗೆ ಹೋದ್ವಿ, ಎಲ್ಲರೂ. ಯಾರೂ ಹೇಳ್ಲಿಲ್ಲ, ಆದ್ರೂ ಬಿಟ್ವಿ.

ಬರುವ ದಾರೀಲೇ ಮಾತಾಡ್ಕೊಂಡ್ವಿ. ಭಾನುವಾರದಿಂದ ಇಟ್ಟಿಗೆ ಹೊರ್ತೀವಿ, ಗಂಡಸರನ್ನೂ ಎಳ್ಕೊಂಡು ಬರ್ತೀವಿ. ದೋಣೀಲಿ ನಿಮಗೊಂದು ಕುರ್ಚಿ ಹಾಕ್ತೀವಿ, ಕೂತ್ಕೊಂಡು ನಮ್ಮನ್ನ ಬೈತಾ ಬನ್ನಿ.

ಬೇಡ, ಬೇಡ ಚೇಚಿ, ಆ ಗಂಟು ಬಿಚ್ಚಬೇಡಿ! ನಿಮ್ಮ ಕಂಬದ ಅಳತೆ ಅದೊಂದರಲ್ಲೇ ಉಳಿದಿರೋದು.