ದೀಪಸ್ತಂಭದ ಹಿತ್ತಾಳೆ ಹಿಡಿಕೆ

ಬೆಸಗರಹಳ್ಳಿಯಲ್ಲಿ ಕೊನೇ ಬಸ್ಸು ಇಳಿದು, ಆಲದ ಮರದ ಬಾವಿ ದಾಟಿದರೆ ಅಶ್ಫಾಕನ ಮನೆ. ನಮ್ಮ ಹಿಂದಿನ ಬೀದಿಯವನೇ, ಮೋಟಾರು ಮೆಕ್ಯಾನಿಕ್. ಆ ರಾತ್ರಿ ಅವನೂ ಗೆಳೆಯ ಸ್ವಾಮಿಯೂ ಕರಾವಳಿಯ ಹಳೇ ದೀಪಸ್ತಂಭಕ್ಕೆ ಹೊಸ ಮೋಟಾರು ಕೂರಿಸಿ ಬರುತ್ತಿದ್ದರು.

ದೀಪಸ್ತಂಭ ಬ್ರಿಟಿಷರ ಕಾಲದ್ದು. ಹೊರಗೆ ಕಪ್ಪು ಬಿಳಿ ಪಟ್ಟೆ, ಮದುವೆ ಗಂಡಿನ ಠೀವಿ. ಒಳಗೆ ಸುತ್ತು ಮೆಟ್ಟಿಲು, ಬಾವಲಿ ವಾಸನೆ. ತುದಿಯಲ್ಲಿ ದೀಪದ ಸುತ್ತ ತಿರುಗುವ ಆಳೆತ್ತರದ ಗಾಜು. ಕರೆಂಟಿಲ್ಲದ ಕಾಲದಲ್ಲಿ ಕಾವಲುಗಾರ ರಾತ್ರಿಯಿಡೀ ಹಿತ್ತಾಳೆ ಹಿಡಿಕೆ ತಿರುವಿ ಅದಕ್ಕೆ ಕೀಲಿ ಕೊಡಬೇಕಿತ್ತು. ಒಮ್ಮೆ ನಿದ್ದೆ ಹೋದ. ಬೆಳಕು ತಿರುಗದೆ ನಿಂತಿತು. ನಿಂತ ಬೆಳಕನ್ನು ಬಂದರಿನ ದೀಪ ಅಂದುಕೊಂಡ ದೋಣಿಯೊಂದು ಬಂಡೆಗೆ ಬಡಿಯಿತು. ಅದರಲ್ಲಿ ಅವನ ಬಸುರಿ ಹೆಂಡತಿಯಿದ್ದಳು. ಅವನು ಸತ್ತ ಮೇಲೂ ಗೋಡೆಯ ಮೊಳೆಗೆ ತೂಗುಹಾಕಿದ್ದ ಆ ಹಿಡಿಕೆಯನ್ನು ಯಾರೂ ತೆಗೆದಿರಲಿಲ್ಲ.

ಆದರೆ ಹಳೇ ಸಾಮಾನು ಮೆಕ್ಯಾನಿಕ್ಕಿಗೆ ಸೇರಬೇಕು ಅನ್ನೋದು ಗ್ಯಾರೇಜಿನ ಶಾಸ್ತ್ರ. ಅಶ್ಫಾಕ್ ಅದನ್ನು ಬ್ಯಾಗಿಗೆ ಹಾಕಿಕೊಂಡಿದ್ದ.

ಬಾವಿ ಹತ್ತಿರ ಬಂದರು... ಕಟ್. ಕಟ್. ಕಟ್... ಕೀಲಿ ಕೊಡುವ ಸದ್ದು. ಬಾವಿಯ ಒಳಗಿಂದ.

"ಲೇ, ಕಪ್ಪೆನೇನ್ಲಾ?" ಸ್ವಾಮಿ ಪಿಸುಗುಟ್ಟಿದ.

"ಕಪ್ಪೆ ಹಲ್ಲಿನ ಚಕ್ರ ತಿರುಗಿಸ್ತದಾ? ಸುಮ್ಕೆ ನಡಿ."

ಆಗ ಕಬ್ಬಿನ ಗದ್ದೆ ಮೇಲೆ ಬೆಳಕೊಂದು ಸರಿಯಿತು. ಅಡ್ಡಕ್ಕೆ, ನಿಧಾನ... ಅಶ್ಫಾಕನ ಮನೆ ಮೇಲೆ ಹೋಗಿ ನಿಂತುಬಿಟ್ಟಿತು. ಸದ್ದೂ ನಿಂತಿತು.

ಅಶ್ಫಾಕನ ಫೋನು ಗುಂಯ್‌ಗುಟ್ಟಿತು. ಮನೆಯಲ್ಲಿ ಒಬ್ಬಳೇ ಇದ್ದ ಹೆಂಡತಿ, ತುಂಬು ಬಸುರಿ ತಹಸೀನ್.

"ಬೇಗ ಬನ್ನಿ... ಕಿಟಕೀಲಿ ಬೆಳಕು ನಿಂತದೆ, ಅಲ್ಲಾಡ್ತಿಲ್ಲ. ಮಗೂನೂ ಅಲ್ಲಾಡ್ತಿಲ್ಲ ಕಣ್ರೀ."

ಬಾವಿಯಿಂದ ಉಸಿರಿನಷ್ಟು ದನಿ. "ಹಿಡಿಕೆ ಎಲ್ಲುಂಟು...? ದೀಪ ನಿಂತಿತಲ್ಲ..."

"ಕೊಟ್ಬುಡ್ಲಾ," ಅಂದ ಸ್ವಾಮಿ. "ನಿನ್ ಗ್ಯಾರೇಜ್ ಶಾಸ್ತ್ರಕ್ ಬೆಂಕಿ ಬೀಳ."

ಅಶ್ಫಾಕ್ ಹಿಡಿಕೆಯನ್ನು ಬಾವಿಕಟ್ಟೆ ಮೇಲಿಟ್ಟ. ತಿರುಗಿ ನೋಡದೆ ನಡೆದ. ಬೆನ್ನ ಹಿಂದೆ ಹಿತ್ತಾಳೆ ಕಲ್ಲಿಗೆ ಉಜ್ಜಿದ ಸದ್ದು... ಆಮೇಲೆ ಕಟ್. ಕಟ್. ಕಟ್. ಬೆಳಕು ಮನೆ ಬಿಟ್ಟು ಸರಿಯಿತು.

"ಒದೀತು," ಅಂದಳು ತಹಸೀನ್ ಫೋನಿನಲ್ಲಿ, ಅಳುತ್ತ.

ಬೆಳಗ್ಗೆ ಕಟ್ಟೆ ಮೇಲೆ ಹಿಡಿಕೆ ಇರಲಿಲ್ಲ. ಅಶ್ಫಾಕ್ ದೀಪಸ್ತಂಭದ ವಾಚ್‌ಮನ್ನಿಗೆ ಫೋನು ಮಾಡಿ, ಹೇಗೆ ಹೇಳೋದು ಅಂತ ತಡವರಿಸಿದ.

"ಹಿಡಿಕೆಯಾ? ಮೊಳೆಯಲ್ಲೇ ಉಂಟಲ್ಲ," ಅಂದ ವಾಚ್‌ಮನ್. "ಅದಿರಲಿ ಮಾರಾಯ್ರೆ, ಮೆಟ್ಟಿಲ ತುಂಬ ಕಬ್ಬಿನ ಸೋಗೆ ತಂದು ಹಾಕಿದ್ದು ಯಾರು?"

ಇದು ನಡೆದದ್ದೇ. ಸ್ಪೀಕರಿನಲ್ಲಿ ಸ್ವಾಮಿಯೂ ಕೇಳಿಸಿಕೊಂಡ. ವಾಚ್‌ಮನ್ ಫೋಟೋನೂ ಕಳಿಸಿದ. ಸೋಗೆ ಇನ್ನೂ ಹಸಿಯಾಗಿತ್ತು.